ಹನ್ನೊಂದು ಜನರ ಸ್ಟಾರ್ಟಪ್‌ನಿಂದ ಆಫರ್ ಬಂದಿದೆ, ಹೋಗಲಾ ಬೇಡವಾ?

ಬೆಣ್ಣೆದೋಸೆ ಊರಿನವಳು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 27 ವರ್ಷ. ಊರು ದಾವಣಗೆರೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಸೇರಿ 4 ವರ್ಷ 8 ತಿಂಗಳಾಯಿತು. ಸಿಟಿಸಿ, ಅಂದರೆ ಕಂಪನಿ ನನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 9.2 ಲಕ್ಷ. ತಿಂಗಳಿಗೆ ಕೈಗೆ ಬರುವುದು 62,000. ಕೆಲಸ ಕಷ್ಟ ಅಂತಲ್ಲ. ಎರಡು ವರ್ಷದಿಂದ ಅದೇ ಪ್ರಾಜೆಕ್ಟ್, ಅದೇ ಎಕ್ಸೆಲ್ ಶೀಟ್. ನಾನು ಟೆಸ್ಟ್ ಮಾಡುವ ಸಾಫ್ಟ್‌ವೇರ್ ಬಳಸುವ ಒಬ್ಬರನ್ನೂ ಇವತ್ತಿನವರೆಗೆ ಕಣ್ಣಾರೆ ನೋಡಿಲ್ಲ.

ಈಗ ಎಚ್‌ಎಸ್‌ಆರ್ ಲೇಔಟ್‌ನ ಒಂದು ಸ್ಟಾರ್ಟಪ್‌ನಿಂದ ಆಫರ್ ಬಂದಿದೆ. ಒಟ್ಟು ಹನ್ನೊಂದು ಜನ. ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಮಾಡುತ್ತಾರೆ. ಹೋದರೆ ನಾನೇ ಅಲ್ಲಿ ಮೊದಲ ಟೆಸ್ಟರ್. ಸಂಬಳ ವರ್ಷಕ್ಕೆ 11 ಲಕ್ಷ, ಜೊತೆಗೆ 2,000 ಇಸಾಪ್, ಅಂದರೆ ಮುಂದೆ ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಆಪ್ಷನ್. 60 ದಿನದಲ್ಲಿ ಸೇರಬೇಕಂತೆ.

ಅಪ್ಪನಿಗೆ ಇಷ್ಟವಿಲ್ಲ. ಅವರು ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ನಾನು ಹುಟ್ಟುವ ಮೊದಲೇ ಬಾಗಿಲು ಹಾಕಿತು. ಬರಬೇಕಾದ ಬಾಕಿಗೆ ವರ್ಷಗಟ್ಟಲೆ ಅಲೆದರು. ಆಮೇಲೆ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆದು ನನ್ನನ್ನು ಓದಿಸಿದರು. "ದೊಡ್ಡ ಮಿಲ್ಲೇ ಮುಚ್ಚಿತು, ಹನ್ನೊಂದು ಜನರದ್ದು ಎಷ್ಟು ದಿನ ಇರುತ್ತೆ?" ಅಂತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಅಮ್ಮನಿಗೆ ಶುಗರ್ ಇದೆ, ತಿಂಗಳಿಗೆ 20,000 ಮನೆಗೆ ಕಳಿಸುತ್ತೇನೆ. ಹೋಗಲಾ, ಬೇಡವಾ?

ಮಲ್ಲೇಶ್ವರಂ ಮೇಷ್ಟ್ರು

ಖಂಡಿತ ಹೋಗಮ್ಮ. ಇನ್ಫೋಸಿಸ್ 1981ರಲ್ಲಿ ಶುರುವಾದಾಗ ಏಳು ಜನ, ಹತ್ತು ಸಾವಿರ ರೂಪಾಯಿ ಬಂಡವಾಳ. ಫ್ಲಿಪ್‌ಕಾರ್ಟ್ 2007ರಲ್ಲಿ ಇದೇ ಕೋರಮಂಗಲದ ಒಂದು ಫ್ಲಾಟ್‌ನಲ್ಲಿ ಶುರುವಾಯಿತು. ದೊಡ್ಡದೆಲ್ಲ ಒಂದು ಕಾಲಕ್ಕೆ ಸಣ್ಣದೇ. 27ರಲ್ಲಿ ಧೈರ್ಯ ಮಾಡದೆ 47ರಲ್ಲಿ ಮಾಡ್ತೀಯಾ?

ಕೋರಮಂಗಲ ಕೋಡರ್

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ಆ ಎರಡು ಹೆಸರು ಎಲ್ಲರ ಬಾಯಲ್ಲೂ ಇವೆ. ಅದೇ ಕೋರಮಂಗಲದ ಬೇರೆ ಫ್ಲಾಟ್‌ಗಳಲ್ಲಿ ಶುರುವಾಗಿ ಎರಡೇ ವರ್ಷಕ್ಕೆ ಮುಚ್ಚಿದವುಗಳ ಹೆಸರು ಯಾರಿಗೂ ನೆನಪಿಲ್ಲ. ಅಂಥ ಒಂದರಲ್ಲಿ ನಾನಿದ್ದೆ.

ಹೇಗೆ ಮುಚ್ಚಿತು ಅಂತ ಹೇಳ್ತೀನಿ, ನಿಮಗೆ ಉಪಯೋಗಕ್ಕೆ ಬರಬಹುದು. ಮೊದಲು ಸಂಬಳ 1ನೇ ತಾರೀಕಿಗೆ ಬರುತ್ತಿತ್ತು. ಒಂದು ತಿಂಗಳು 7ಕ್ಕೆ ಬಂತು, ಬ್ಯಾಂಕ್ ರಜೆ ಅಂದರು. ಮುಂದಿನ ತಿಂಗಳು 15. ಅದರ ಮುಂದಿನ ತಿಂಗಳು ಅರ್ಧ ಸಂಬಳ. ಇಷ್ಟರಲ್ಲೂ ಪ್ರತಿ ಸೋಮವಾರ ಮೀಟಿಂಗ್‌ನಲ್ಲಿ "ಹೊಸ ಫಂಡಿಂಗ್ ಇನ್ನೇನು ಬಂತು" ಅಂತಲೇ ಹೇಳುತ್ತಿದ್ದರು. ಜುಲೈನಲ್ಲಿ ತೆರಿಗೆ ರಿಟರ್ನ್ ಹಾಕಲು ಕೂತೆ. 26ಎಎಸ್, ಅಂದರೆ ನಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ, ತೆಗೆದು ನೋಡಿದರೆ ಎಂಟು ತಿಂಗಳ ಟಿಡಿಎಸ್ ಕಟ್ಟೇ ಇಲ್ಲ! ನನ್ನ ಸಂಬಳದಿಂದ ಹಿಡಿದಿದ್ದಾರೆ, ಸರ್ಕಾರಕ್ಕೆ ಕೊಟ್ಟಿಲ್ಲ. ಪ್ರತಿ ತಿಂಗಳ ಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡಿದ್ದಕ್ಕೆ ಬಚಾವಾದೆ. ಕಂಪನಿ ಹಿಡಿದ ತೆರಿಗೆಯನ್ನು ನೌಕರನಿಂದ ಮತ್ತೆ ವಸೂಲಿ ಮಾಡುವಂತಿಲ್ಲ ಅಂತ ಕಾನೂನಿದೆ. ಆದರೆ ಅದನ್ನು ತೋರಿಸಿ ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

ಹೋಗಬೇಡಿ ಅಂತ ನಾನು ಹೇಳಲ್ಲ. ಈಗಲೂ ನಾನು 20 ಜನರ ಕಂಪನಿಯಲ್ಲೇ ಇದ್ದೇನೆ. ಈ ಸಲ ಸೇರುವ ಮೊದಲೇ ಕೇಳಿದೆ: ಬ್ಯಾಂಕಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಹೋಗುತ್ತೆ? ಮೊದಲನೇ ಕಂಪನಿಯಲ್ಲಿ ಅದನ್ನು ಕೇಳಲು ನಾಚಿಕೆಪಟ್ಟಿದ್ದೆ.

ಹಳೇ ಐಟಿ ಕೈ

ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೇ ಇರಬೇಕು, ನೀನು ಅಂತಲೇ ಬರೆಯುತ್ತೇನಮ್ಮ.

ಹೋಗೋದು ಬಿಡೋದು ಆಮೇಲೆ. ಮೊದಲು ಕ್ಯಾಲೆಂಡರ್ ನೋಡು. ಇನ್ನು ನಾಲ್ಕು ತಿಂಗಳಿಗೆ ಐದು ವರ್ಷ ತುಂಬುತ್ತೆ. ತುಂಬಿದರೆ ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ನಿನ್ನ ಹಕ್ಕು. ಕೊನೆಯ ತಿಂಗಳ ಬೇಸಿಕ್ಕನ್ನು (ಮೂಲ ವೇತನ) 26ರಿಂದ ಭಾಗಿಸಿ 15ರಿಂದ ಗುಣಿಸು, ಬಂದಿದ್ದನ್ನು ಐದರಿಂದ ಗುಣಿಸು. ಬೇಸಿಕ್ 32,000 ಇದೆ ಅಂದುಕೋ, ಕಡಿಮೆ ಅಂದರೂ 92,307 ರೂಪಾಯಿ ಆಯಿತು. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಅದನ್ನು ಕೆಲವು ಕಂಪನಿ ಒಪ್ಪುತ್ತವೆ, ಕೆಲವು ಒಪ್ಪಲ್ಲ. ಆ ಜಗಳವೇ ಯಾಕೆ ಬೇಕು?

ನಿನ್ನ ನೋಟಿಸ್ ಪೀರಿಯಡ್ ಬಹುಶಃ 90 ದಿನ. ಇವತ್ತೇ ರಾಜೀನಾಮೆ ಕೊಟ್ಟರೂ 4 ವರ್ಷ 11 ತಿಂಗಳಿಗೆ ಬಂದು ನಿಲ್ಲುತ್ತೀಯ. ಒಂದೇ ತಿಂಗಳಿಗೆ ಹತ್ತಿರ ಹತ್ತಿರ ಲಕ್ಷ ಬಿಡಬೇಡ. 60 ದಿನ ಅಂದಿದ್ದಾರಲ್ಲ, ಅವರಿಗೆ ಇರುವ ವಿಷಯ ಹೇಳು, ನಾಲ್ಕು ತಿಂಗಳು ಟೈಮ್ ಕೇಳು. ವರ್ಷಗಟ್ಟಲೆ ನೀನು ಜೊತೆಗಿರಬೇಕು ಅನ್ನುವವರು ಎರಡು ತಿಂಗಳು ಕಾಯಲಾರರಾ?

ಅಪ್ಪನಿಗೆ ಇನ್ನೊಂದು ಮಾತು ಹೇಳು. ದೊಡ್ಡದು ಅಂದಮಾತ್ರಕ್ಕೆ ಭದ್ರ ಅಂತೇನಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇಕಡ 2ರಷ್ಟು, ಅಂದರೆ 12,000ಕ್ಕೂ ಜಾಸ್ತಿ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. 23 ವರ್ಷ ಐಟಿಯಲ್ಲಿ ಕಳೆದವನಿಗೆ ಆ ಸುದ್ದಿ ಓದಿ ಊಟ ಸೇರಲಿಲ್ಲ.

ಬೆಣ್ಣೆದೋಸೆ ಊರಿನವಳು

ಸರ್, ನನ್ನ ಬೇಸಿಕ್ ಸರಿಯಾಗಿ 32,000! ನೋಟಿಸ್ ಕೂಡ 90 ದಿನವೇ. ಗ್ರ್ಯಾಚುಯಿಟಿ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ತುಂಬಾ ಥ್ಯಾಂಕ್ಸ್.

2,000 ಇಸಾಪ್ ಅಂದರೆ ಜಾಸ್ತಿನಾ ಕಡಿಮೆನಾ, ಯಾರಾದರೂ ಹೇಳ್ತೀರಾ?

ಲೆಕ್ಕದ ಮನೆ

ನಾನು ಆಡಿಟರ್ ಆಫೀಸಲ್ಲಿ ಕೆಲಸ ಮಾಡುತ್ತೇನೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬರೀ 2,000 ಅನ್ನುವ ಸಂಖ್ಯೆಗೆ ಅರ್ಥವೇ ಇಲ್ಲ. ತೋಟದಲ್ಲಿ ಎರಡು ಸಾಲು ತೆಂಗು ನಿಂದು ಅಂದರೆ ಒಟ್ಟು ಎಷ್ಟು ಸಾಲು ಅಂತ ಕೇಳಲ್ವಾ? ಕಂಪನಿಯ ಒಟ್ಟು ಷೇರು ಹತ್ತು ಲಕ್ಷ ಇದ್ದರೆ 2,000 ಅಂದರೆ ಶೇಕಡ 0.2. ಒಂದು ಕೋಟಿ ಇದ್ದರೆ 0.02. ಒಟ್ಟು ಷೇರು ಎಷ್ಟು ಅಂತ ಕೇಳುವಾಗ ಇನ್ನೂ ಹಂಚದೆ ಇಟ್ಟಿರುವ ಆಪ್ಷನ್‌ಗಳನ್ನೂ ಸೇರಿಸಿ ಹೇಳಲು ಹೇಳಿ. ಮುಂದೆ ಹೊಸ ಹೂಡಿಕೆದಾರರು ಬಂದಂತೆಲ್ಲ ನಿಮ್ಮ ಪಾಲು ಇನ್ನೂ ಸಣ್ಣದಾಗುತ್ತೆ.

ಸಾಮಾನ್ಯವಾಗಿ ನಾಲ್ಕು ವರ್ಷದ ವೆಸ್ಟಿಂಗ್ ಇರುತ್ತೆ, ಅಂದರೆ ಆಪ್ಷನ್‌ಗಳು ಆ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ನಿಮ್ಮ ಕೈಗೆ ಬರುತ್ತವೆ. ಆಪ್ಷನ್ ಕೊಟ್ಟ ಮೇಲೆ ಕನಿಷ್ಠ ಒಂದು ವರ್ಷ ಕಳೆಯದೆ ಏನೂ ವೆಸ್ಟ್ ಆಗುವಂತಿಲ್ಲ, ಇದು ಕಂಪನಿ ಕಾನೂನಿನ ನಿಯಮ. ಒಳ್ಳೆಯ ಸ್ಟಾರ್ಟಪ್‌ನವರೂ ಬಾಯಲ್ಲಿ ಹೇಳಿ ಬರೆಯಲು ಮರೆಯುತ್ತಾರೆ. ಷೇರುದಾರರ ಒಪ್ಪಿಗೆ ಪಡೆದ ಇಸಾಪ್ ಸ್ಕೀಮ್ ಇದೆಯಾ, ಆಪ್ಷನ್ ಕೊಟ್ಟಿದ್ದೇವೆ ಅನ್ನುವ ಗ್ರ್ಯಾಂಟ್ ಲೆಟರ್ ಯಾವಾಗ ಕೊಡುತ್ತೀರಿ ಅಂತ ಕೇಳಿ. ಆಫರ್ ಲೆಟರ್‌ನ ಒಂದು ಸಾಲು ಗ್ರ್ಯಾಂಟ್ ಅಲ್ಲ.

ಈಗ ತೆರಿಗೆ. ನಮ್ಮ ಆಫೀಸಿಗೆ ಬಂದ ಒಬ್ಬರ ಕಥೆ ಕೇಳಿ. ಕೈಯಲ್ಲಿ 2,000 ಆಪ್ಷನ್ ಇತ್ತು, ಕೊಳ್ಳುವ ಬೆಲೆ 10 ರೂಪಾಯಿ. ಕೆಲಸ ಬಿಟ್ಟ ಮೇಲೆ 90 ದಿನದೊಳಗೆ ಕೊಳ್ಳಬೇಕು, ಇಲ್ಲದಿದ್ದರೆ ಹೋಯಿತು ಅಂತ ಷರತ್ತು. ಆ ಹೊತ್ತಿಗೆ ಷೇರಿನ ಬೆಲೆ 500 ಅಂತ ಲೆಕ್ಕ ಹಾಕಿದ್ದರು. ಅಂದರೆ ಒಂದೊಂದರ ಮೇಲೂ 490 ರೂಪಾಯಿ ಲಾಭ, ಒಟ್ಟು 9.8 ಲಕ್ಷ. ಅದನ್ನು ಸಂಬಳ ಅಂತಲೇ ಹಿಡಿಯುತ್ತಾರೆ. ಅವರದ್ದು ಶೇಕಡ 30ರ ಸ್ಲ್ಯಾಬ್. ಸೆಸ್ ಸೇರಿ ಮೂರು ಲಕ್ಷ ಚಿಲ್ಲರೆ ತೆರಿಗೆ. ಆ ಷೇರನ್ನು ಕೊಳ್ಳುವವರು ಇವತ್ತಿಗೂ ಯಾರೂ ಇಲ್ಲ. ಇಲ್ಲದ ದುಡ್ಡಿಗೆ ಇರುವ ದುಡ್ಡಿನಿಂದ ತೆರಿಗೆ ಕಟ್ಟಿದರು. 2020ರ ಬಜೆಟ್‌ನಲ್ಲಿ ಈ ತೆರಿಗೆ ಮುಂದೂಡುವ ಅನುಕೂಲ ತಂದರು ನಿಜ. ಅದು ತೆರಿಗೆ ವಿನಾಯಿತಿಗೆ ಬೇರೆಯೇ ಸರ್ಟಿಫಿಕೇಟ್ ಪಡೆದ ಸ್ಟಾರ್ಟಪ್‌ಗಳಿಗೆ ಮಾತ್ರ, ಮತ್ತು ಕೆಲಸ ಬಿಟ್ಟರೆ ಆಗಲೇ ಕಟ್ಟಬೇಕು.

ಅದಕ್ಕೇ ನನ್ನ ಮಾತು: ಇಸಾಪ್‌ಗೆ ಸೊನ್ನೆ ಬೆಲೆ ಹಾಕಿ ಲೆಕ್ಕ ಮಾಡಿ. ಬಂದರೆ ಬರಲಿ. ಫ್ಲಿಪ್‌ಕಾರ್ಟ್‌ನ ಶೇಕಡ 77ರಷ್ಟನ್ನು ವಾಲ್‌ಮಾರ್ಟ್ ಕೊಂಡಿದ್ದು 2018ರಲ್ಲಿ, ಶುರುವಾಗಿ ಹನ್ನೊಂದು ವರ್ಷಕ್ಕೆ. ಸ್ವಿಗ್ಗಿ 2014ರಲ್ಲಿ ಶುರು, ಷೇರುಪೇಟೆಗೆ ಬಂದಿದ್ದು 2024ರ ನವೆಂಬರ್‌ನಲ್ಲಿ. ಗೆದ್ದವರಿಗೇ ಇಷ್ಟು ಕಾಲ ಬೇಕಾಯಿತು.

ಇನ್ನೊಂದು. ಎಂಸಿಎ, ಅಂದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ಗೆ ಹೋಗಿ ಕಂಪನಿ ಹುಡುಕಿ. ಆ್ಯಪ್ ಹೆಸರಲ್ಲ, ಆಫರ್ ಲೆಟರ್‌ನಲ್ಲಿರುವ ಪ್ರೈವೇಟ್ ಲಿಮಿಟೆಡ್ ಹೆಸರು. ಯಾವಾಗ ನೋಂದಣಿ ಆಯಿತು, ಡೈರೆಕ್ಟರ್‌ಗಳು ಯಾರು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು, ಎಲ್ಲ ಪುಕ್ಕಟೆ ಕಾಣುತ್ತೆ. 100 ರೂಪಾಯಿ ಕಟ್ಟಿದರೆ ಅವರು ಸಲ್ಲಿಸಿದ ಕಾಗದಪತ್ರವನ್ನೇ ತೆರೆದು ನೋಡಬಹುದು. ಷೇರು ಹಂಚಿದ ಫಾರಂ ಪಿಎಎಸ್-3 ನೋಡಿ, ಹೂಡಿಕೆ ಯಾವಾಗ ಬಂತು, ಯಾವ ಬೆಲೆಗೆ ಬಂತು ಅಂತ ಗೊತ್ತಾಗುತ್ತೆ.

ಇಬ್ಬರು ಮಕ್ಕಳ ತಾಯಿ

ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಹೆರಿಗೆ ರಜೆ ಕಾನೂನು ಅನ್ವಯಿಸುತ್ತೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಯೂ ಹತ್ತು ಜನರಿದ್ದರೆ ಇರಲೇಬೇಕು. ಅವರು ಹನ್ನೊಂದು ಜನ, ಹಾಗಾಗಿ ಎರಡೂ ಅವರಿಗೆ ಕಡ್ಡಾಯ. ಸಣ್ಣ ಕಂಪನಿಯವರಿಗೆ ಇದು ಗೊತ್ತೇ ಇರುವುದಿಲ್ಲ, ಅಷ್ಟು ಬೇಗ ಹತ್ತು ದಾಟಿರುತ್ತಾರೆ. ರಜೆ ನಿಯಮ ಬರೆದಿದ್ದು ಕೊಡಿ ಅಂತ ಕೇಳಿ, ಸಾಕು. ಹನ್ನೊಂದರಲ್ಲಿ ಹೆಂಗಸರು ಎಷ್ಟು ಅಂತಲೂ ನೋಡಿ.

ಪಿಎಫ್ ಇಪ್ಪತ್ತು ಜನರಿದ್ದರೆ ಮಾತ್ರ ಕಡ್ಡಾಯ. ಅಲ್ಲಿ ಇರಲಿಕ್ಕಿಲ್ಲ. ಹಾಗಂತ ಹಳೇ ಪಿಎಫ್ ದುಡ್ಡು ತೆಗೆಯಬೇಡಿ, ಹಾಗೇ ಇರಲಿ.

ಅಮ್ಮನ ವಿಷಯ ಮುಖ್ಯ. ಈಗಿನ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅವರಿದ್ದರೆ, ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಿಸಿಕೊಳ್ಳಲು ಆಗುತ್ತಾ ಕೇಳಿ. ಬೇರೆ ಹೊಸದು ತೆಗೆದುಕೊಂಡರೆ ಶುಗರ್‌ನಂಥ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅಮ್ಮನ ಚಿಕಿತ್ಸೆ ನಡುವೆ ನಿಲ್ಲಬಾರದು.

ಹುಬ್ಬಳ್ಳಿ ಮಂದಿ

ಮೇಡಂ, ನಮಸ್ಕಾರ್ರಿ. ಎಲ್ಲರೂ ಕಾಗದಪತ್ರದ ವಿಷಯ ಹೇಳಿದರು, ಬರೋಬ್ಬರಿ. ನಾನು ಬೇರೆ ಒಂದು ಹೇಳ್ತೀನಿ.

ನಾನು ಹುಬ್ಬಳ್ಳಿಯಲ್ಲೇ ಒಂದು ಸ್ಟಾರ್ಟಪ್‌ನಲ್ಲಿ ಮೂರು ವರ್ಷ ಇದ್ದೆ. ರೈತರಿಗೆ ಬೆಳೆ ಮಾಹಿತಿ ಕೊಡುವ ಆ್ಯಪ್. ಸೇರಿದ ಎರಡನೇ ವಾರ ನವಲಗುಂದದ ಹತ್ತಿರ ಒಂದು ಹೊಲಕ್ಕೆ ಕರ್ಕೊಂಡು ಹೋದರು. ರೈತರೊಬ್ಬರು ಫೋನ್ ತೆಗೆದು ನಮ್ಮ ಆ್ಯಪ್ ತೆರೆದರು. ಬಿಸಿಲಿಗೆ ಪರದೆ ಕಾಣವಲ್ದು. ನಾವು ಚಂದ ಕಾಣಲಿ ಅಂತ ತಿಳಿ ಹಸಿರು ಬಣ್ಣದ ಅಕ್ಷರ ಇಟ್ಟಿದ್ವಿ. ಅವರು ಟವೆಲ್ ತಲೆ ಮೇಲೆ ಹೊದ್ದುಕೊಂಡು, ಆ ನೆರಳಲ್ಲಿ ಓದಿದರು. ಅವತ್ತು ರಾತ್ರಿನೇ ಅಕ್ಷರ ಕಪ್ಪು ಮಾಡಿದ್ವಿ. ಏಳು ವರ್ಷದ ನೌಕರಿಯಲ್ಲಿ ಅಂಥ ಪಾಠ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಅದಕ್ಕೆ, ನೀವು ಆ ಸಾಫ್ಟ್‌ವೇರ್ ಬಳಸುವ ಒಂದು ಮೆಡಿಕಲ್ ಶಾಪ್ ಎಲ್ಲಿದೆ ಅಂತ ಕೇಳಿ, ಹೋಗಿ ಹತ್ತು ನಿಮಿಷ ನಿಂತು ನೋಡ್ರಿ. ಅಂಗಡಿಯವರು ಆ ಸಾಫ್ಟ್‌ವೇರ್ ಇಲ್ಲದೆ ಆಗಲ್ಲ ಅಂದರೆ ಕಂಪನಿಗೆ ಒಂದು ದಾರಿ ಇದೆ. ಪುಕ್ಕಟೆ ಕೊಟ್ಟಾರೆ ಅಂತ ಇಟ್ಟುಕೊಂಡೀನಿ ಅಂದರೆ ವಿಚಾರ ಮಾಡ್ರಿ.

ಸಣ್ಣ ಕಂಪನಿ ನಡೆಸುವವ

ಮೈಸೂರಿನಲ್ಲಿ ಒಂಬತ್ತು ಜನರ ಕಂಪನಿ ನಡೆಸುತ್ತೇನೆ. ಆ ಕಡೆಯ ಕುರ್ಚಿಯಲ್ಲಿ ಕೂರುವವನ ಮಾತು ಇದು.

ಎರಡು ವರ್ಷದ ಹಿಂದೆ, ಮೇ ತಿಂಗಳು. ದೊಡ್ಡ ಗಿರಾಕಿಯಿಂದ ದುಡ್ಡು ಬರುವುದು ತಡವಾಯಿತು. ಹೆಂಡತಿಯ ನಾಲ್ಕು ಬಳೆ ಅಡ ಇಟ್ಟು ಸಂಬಳ ಕೊಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಬಿಟ್ಟು ಹೋಗುತ್ತಾರೆ ಅಂತ ಭಯ. ಆಮೇಲೆ ಹೇಗೋ ವಿಷಯ ಗೊತ್ತಾಗಿ, ನಮ್ಮ ಹಳೆಯ ಹುಡುಗನೊಬ್ಬ ಬಂದು "ಸರ್, ಹೇಳಿದ್ದರೆ ನಾನು ಒಂದು ತಿಂಗಳು ತಡೆಯುತ್ತಿದ್ದೆ, ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ, ಎರಡರಲ್ಲಿ ಒಂದು ಆರಿಸುವುದು ನನಗೆ ಬಿಟ್ಟಿದ್ದು" ಅಂದ. ಆ ಮಾತು ಇನ್ನೂ ಚುಚ್ಚುತ್ತೆ. ಈಗ ಪ್ರತಿ ತಿಂಗಳು 5ನೇ ತಾರೀಕು ಬ್ಯಾಂಕ್ ಬ್ಯಾಲೆನ್ಸ್ ಎಲ್ಲರಿಗೂ ಹೇಳುತ್ತೇನೆ.

ನೀವು ಆ ಫೌಂಡರ್‌ಗೆ ಒಂದು ಪ್ರಶ್ನೆ ಕೇಳಿ: "ಸಂಬಳ ಕೊಡಲು ನಿಮಗೆ ತುಂಬಾ ಕಷ್ಟ ಆದ ತಿಂಗಳು ಯಾವುದು? ಆಗ ಏನು ಮಾಡಿದಿರಿ?" ಸಣ್ಣ ಕಂಪನಿ ನಡೆಸುವ ಎಲ್ಲರಿಗೂ ಅಂಥ ಒಂದು ತಿಂಗಳು ಇರುತ್ತೆ. ಇಲ್ಲ ಅಂದರೆ ನಾನಂತೂ ನಂಬಲ್ಲ.

ಇನ್ನೊಂದು ಲೆಕ್ಕ. ಬ್ಯಾಂಕಲ್ಲಿ ಹನ್ನೆರಡು ತಿಂಗಳಿಗೆ ಸಾಕಾಗುವ ದುಡ್ಡಿದೆ ಅಂದರೆ ಹನ್ನೆರಡು ತಿಂಗಳು ನೆಮ್ಮದಿ ಅಂತಲ್ಲ. ಹೊಸ ಹೂಡಿಕೆ ತರಲು ಆರು ತಿಂಗಳಾದರೂ ಓಡಾಡಬೇಕು.

ಬೆಣ್ಣೆದೋಸೆ ಊರಿನವಳು

ಹನ್ನೆರಡು ದಿನ ಆಯಿತು. ನೀವೆಲ್ಲ ಇಷ್ಟು ಬರೆದಿದ್ದೀರಿ, ಏನಾಯಿತು ಅಂತ ಹೇಳಲೇಬೇಕು.

ಮೊದಲು ಮೆಡಿಕಲ್ ಶಾಪ್‌ಗೆ ಹೋದೆ, ಬೊಮ್ಮನಹಳ್ಳಿಯಲ್ಲಿ. ಸಂಜೆ ಏಳು ಗಂಟೆ, ಅಂಗಡಿ ತುಂಬಾ ಜನ. ಹತ್ತು ನಿಮಿಷ ಅಂತ ಹೋದವಳು ಒಂದೂವರೆ ಗಂಟೆ ನಿಂತೆ. ಅಂಗಡಿಯವರು ತಿಂಗಳಿಗೆ 600 ಕೊಡುತ್ತಾರಂತೆ. "ಮೊದಲು ಎಕ್ಸ್‌ಪೈರಿ ಆದ ಮಾಲು ಶೆಲ್ಫ್‌ನಲ್ಲೇ ಉಳಿದು ಲಾಸ್ ಆಗ್ತಿತ್ತು. ಈಗ ಎರಡು ತಿಂಗಳು ಮೊದಲೇ ತೋರಿಸುತ್ತೆ, ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕಳಿಸ್ತೀನಿ" ಅಂದರು. ಆದರೆ ಒಂದು ವಿಷಯ ನೋಡಿದೆ. ಸ್ಟ್ರಿಪ್ ಕತ್ತರಿಸಿ ಮಾರಿದ ಮೇಲೆ ಉಳಿದ ತುಂಡಿನಲ್ಲಿ ಬ್ಯಾಚ್ ನಂಬರ್ ಅರ್ಧ ಹೋಗಿರುತ್ತೆ. ಅವರು ಅದನ್ನು ಬೆಳಕಿಗೆ ಹಿಡಿದು, ಬಿ ಅನ್ನು 8 ಅಂತ ಓದಿ ಟೈಪ್ ಮಾಡುತ್ತಾರೆ. ಸಾಫ್ಟ್‌ವೇರ್ ಸುಮ್ಮನೆ ತೆಗೆದುಕೊಳ್ಳುತ್ತೆ, ಇಲ್ಲದ ಬ್ಯಾಚ್ ಒಂದು ಹುಟ್ಟಿಕೊಳ್ಳುತ್ತೆ. ಒಂದೂವರೆ ಗಂಟೆಯಲ್ಲಿ ಮೂರು ಸಲ ಆಯಿತು. ಪಿಜಿಗೆ ಬಂದು ರಾತ್ರಿ ಹನ್ನೊಂದರವರೆಗೆ ಕೂತು ಅದನ್ನೆಲ್ಲ ಬರೆದೆ. ಯಾರೂ ಬರೆ ಅಂದಿರಲಿಲ್ಲ.

ಆ ಹಾಳೆ ತೆಗೆದುಕೊಂಡೇ ಫೌಂಡರ್ ಹತ್ತಿರ ಹೋದೆ. ಮೊದಲು ಅದನ್ನು ಓದಿದರು. ಆಮೇಲೆ ನಾನು ಪ್ರಶ್ನೆ ಕೇಳಿದೆ. ಕೈ ನಡುಗುತ್ತಿತ್ತು. ಅವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಬ್ಯಾಂಕಲ್ಲಿ 96 ಲಕ್ಷ. ತಿಂಗಳ ಖರ್ಚು 13 ಲಕ್ಷ. 800 ಅಂಗಡಿಗಳಿಂದ ಬರುವುದು 4.8 ಲಕ್ಷ. ಅಂದರೆ ಇರುವ ದುಡ್ಡು ಹನ್ನೊಂದೂವರೆ ತಿಂಗಳಿಗೆ ಸಾಕು. ನಾನು ಸೇರಿದರೆ ಹತ್ತೂವರೆ. ಅದನ್ನು ಅವರೇ ಹೇಳಿದರು. ಕಷ್ಟದ ತಿಂಗಳು ಯಾವುದು ಅಂದಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ಅಕ್ಟೋಬರ್. ನಾವಿಬ್ಬರು ಫೌಂಡರ್‌ಗಳು ಮೂರು ತಿಂಗಳು ಸಂಬಳ ತೆಗೆದುಕೊಳ್ಳಲಿಲ್ಲ" ಅಂದರು.

ಒಟ್ಟು ಷೇರು 20 ಲಕ್ಷವಂತೆ. ನನ್ನ ಪಾಲು ಶೇಕಡ 0.1. ಜಾಸ್ತಿ ಕೇಳಿದೆ, 3,000 ಮಾಡುತ್ತೇವೆ ಅಂದಿದ್ದಾರೆ, ಸ್ಕೀಮ್‌ಗೆ ಷೇರುದಾರರ ಒಪ್ಪಿಗೆ ಇನ್ನೂ ಆಗಿಲ್ಲ ಅಂತಲೂ ಒಪ್ಪಿಕೊಂಡರು. ಲೆಕ್ಕದ ಮನೆ ಅಕ್ಕ, ನೀವು ಹೇಳಿದ ಹಾಗೆ ಇಸಾಪ್‌ಗೆ ನಾನು ಸೊನ್ನೆ ಅಂತಲೇ ಬರೆದುಕೊಂಡಿದ್ದೇನೆ. ಪಿಎಫ್ ಇಲ್ಲ. ರಜೆ ನಿಯಮ ಬರೆದಿದ್ದು ಇರಲಿಲ್ಲ, ಮೊನ್ನೆ ಬರೆದು ಕಳಿಸಿದರು. ನಾಲ್ಕು ತಿಂಗಳು ಟೈಮ್ ಕೊಡಲು ಮೊದಲು ಹಿಂದೆಮುಂದೆ ನೋಡಿದರು, ಸೋಮವಾರ ಮೇಲ್‌ನಲ್ಲಿ ಒಪ್ಪಿದರು.

ಭಾನುವಾರ ಊರಿಗೆ ಹೋಗಿದ್ದೆ. ಅಪ್ಪನ ಮುಂದೆ ಎಲ್ಲ ಲೆಕ್ಕ ಇಟ್ಟೆ. ಗ್ರ್ಯಾಚುಯಿಟಿ ಮತ್ತು ಈಗಿರುವ ಎಫ್‌ಡಿ ಸೇರಿದರೆ, ಕಂಪನಿ ಮುಚ್ಚಿದರೂ ಏಳು ತಿಂಗಳು ಮನೆಗೆ ಕಳಿಸುವುದು ನಿಲ್ಲಲ್ಲ. ಅಮ್ಮನ ಪಾಲಿಸಿಗೆ ಅರ್ಜಿ ಹಾಕಿದ್ದೇನೆ, ಅದು ಆಗದೆ ರಾಜೀನಾಮೆ ಕೊಡಲ್ಲ ಅಂತಲೂ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಭಟ್ಟಿ ಲೆಕ್ಕ ನೋಡುವ ಹಾಗೇ, ಪೆನ್ನು ಹಿಡಿದು ಕೂಡಿ ನೋಡಿದರು. "ನಮ್ಮ ಮಿಲ್ಲಿನವರು ಒಂದು ದಿನಕ್ಕೂ ಪುಸ್ತಕ ತೆಗೆದು ತೋರಿಸಲಿಲ್ಲ" ಅಂದರು. ಆಮೇಲೆ ಸಂಬಳ ಯಾವ ತಾರೀಕಿಗೆ ಅಂತ ಕೇಳಿದರು. ಒಂದನೇ ತಾರೀಕು ಅಂದೆ. "ಏಳಾದರೆ ನನಗೆ ಫೋನ್ ಮಾಡು" ಅಂದರು.

ಕೋರಮಂಗಲ ಕೋಡರ್

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಸ್ಲಿಪ್‌ಗಳನ್ನು ಪ್ರತಿ ತಿಂಗಳು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ, ಕಂಪನಿ ಮೇಲ್‌ನಲ್ಲಿ ಬಿಡಬೇಡಿ.

ಲೆಕ್ಕದ ಮನೆ

ಗ್ರ್ಯಾಂಟ್ ಲೆಟರ್ ಬಂದ ದಿನ ಇಲ್ಲಿ ಹೇಳಿ. ಹೆಸರು, ಕಂಪನಿ ಎಲ್ಲ ಅಳಿಸಿ ಷರತ್ತು ಮಾತ್ರ ಹಾಕಿ. ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು ಅನ್ನುವ ಸಾಲು ಮೊದಲು ನೋಡೋಣ.

ಹುಬ್ಬಳ್ಳಿ ಮಂದಿ

ಆ ಬೊಮ್ಮನಹಳ್ಳಿ ಅಂಗಡಿಯವರ ಬ್ಯಾಚ್ ನಂಬರ್ ಮೊದಲು ಸರಿ ಮಾಡಿಸ್ರಿ ಮೇಡಂ.

ಬೆಣ್ಣೆದೋಸೆ ಊರಿನವಳು

ಅವರ ಫೋನ್ ನಂಬರ್ ಬರೆದುಕೊಂಡು ಬಂದಿದ್ದೇನೆ ಸರ್. ಸರಿಯಾದ ದಿನ ನಾನೇ ಹೋಗಿ ತೋರಿಸುತ್ತೇನೆ.